ಕೊಳದ ತಳ ಕಂಡರೆ ಸಾಲದು

ಪತ್ರ: ಮಗಳ ಮನೆಗೆಂದು ವಿದೇಶಕ್ಕೆ ಹೋದಾಗ ಡಾಲ್ಫಿನ್ ಪ್ರದರ್ಶನ ನೋಡಿದೆವು. ತಳ ಕಾಣುವಷ್ಟು ತಿಳಿನೀರು. ಆದರೂ ಮುಂದಿನ ಸಾಲಿನಲ್ಲಿದ್ದ ನಮ್ಮ ಕಣ್ಣು ಉರಿಯಿತು. ಏಕೆ?
— ಓದುಗರು, ಕಾರವಾರ

ಸಂಪಾದಕರ ಉತ್ತರ: ನಿಮ್ಮ ಕಣ್ಣು ಉರಿಸಿದ್ದು ಬಹುಶಃ ಕ್ಲೋರಮಿನ್. ನಾವು ಕ್ಲೋರಿನ್ ವಾಸನೆ ಎನ್ನುವ ಘಾಟು ಬಹುಪಾಲು ಅದರದೇ. ಪ್ರಾಣಿಯ ಮೂತ್ರದಲ್ಲಿರುವ ಯೂರಿಯ, ಅಮೋನಿಯಗಳ ಜೊತೆ, ಬ್ಯಾಕ್ಟೀರಿಯ ಕೊಲ್ಲಲು ನೀರಿಗೆ ಬೆರೆಸುವ ಕ್ಲೋರಿನ್ ಸೇರಿದಾಗ ಅದು ಹುಟ್ಟುತ್ತದೆ. ನೀವು ಪ್ರದರ್ಶನ ಮುಗಿಸಿ ಎದ್ದು ಬಂದಿರಿ. ಡಾಲ್ಫಿನ್ ಹಗಲೂ ರಾತ್ರಿ ಅದರಲ್ಲೇ ಇರಬೇಕು, ಉಸಿರಿಗೂ ಆ ನೀರಿನ ಮೇಲಣ ಗಾಳಿಯೇ ಗತಿ. ನಿಮ್ಮ ಪತ್ರ ಓದಿದಾಗಿನಿಂದ ನನ್ನನ್ನು ಕಾಡುತ್ತಿರುವುದು ಇದೇ.

ಮರಳಿನ ಫಿಲ್ಟರ್ ತೇಲುವ ಕೊಳೆಯನ್ನು ಹಿಡಿದು ನೀರನ್ನು ತಿಳಿಯಾಗಿಸುತ್ತದೆ, ಕರಗಿದ್ದನ್ನು ಹಿಡಿಯುವುದಿಲ್ಲ. ಅದಕ್ಕಾಗಿಯೇ ಒಳ್ಳೆಯ ಕೊಳಗಳಲ್ಲಿ ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ, ಕರಗಿದ ಕೊಳೆಯನ್ನು ಒಡೆಯುವ ಓಝೋನ್ ಅನಿಲ ಇರುತ್ತವೆ. ಓಝೋನ್ ಹದ ಮೀರಿದರೆ ಕಡಲ ನೀರಿನ ಬ್ರೋಮೈಡ್‌ನಿಂದ ಕಣ್ಣು, ಚರ್ಮ ಉರಿಸುವ ಬ್ರೋಮಿನ್ ಸಂಯುಕ್ತಗಳು ಹುಟ್ಟುತ್ತವೆ. ಹೊಸ ನೀರು ಬಿಡುವುದಕ್ಕೆ ಯಾವುದೂ ಸಮವಲ್ಲ.

ಇಂಥ ಕೊಳಗಳಿಗೆ ಅಮೆರಿಕದಲ್ಲಿರುವ ನಿಯಮದ ಪ್ರಕಾರ 100 ಮಿ.ಲೀ. ನೀರಿನಲ್ಲಿ ಕೋಲಿಫಾರ್ಮ್ (ನೀರಿಗೆ ಮಲ ಸೇರಿರುವ ಸುಳಿವು ಕೊಡುವ) ಬ್ಯಾಕ್ಟೀರಿಯ 1000 ಮೀರಬಾರದು. ವಾರಕ್ಕೊಮ್ಮೆಯಾದರೂ ಇದನ್ನು ನೋಡಬೇಕು, ಪಿಎಚ್ (ನೀರಿನ ಆಮ್ಲೀಯತೆಯ ಅಳತೆ) ಮತ್ತು ಬೆರೆಸಿದ ರಾಸಾಯನಿಕಗಳನ್ನು ದಿನವೂ. ಕ್ಲೋರಿನ್ ಸುರಿದರೆ ಬ್ಯಾಕ್ಟೀರಿಯದ ಲೆಕ್ಕ ಸರಿಹೋಗುತ್ತದೆ. ಆದರೆ ಪ್ರಾಣಿಯ ಕಣ್ಣು ಹೇಗಿದೆ ಎಂದು ಆ ಲೆಕ್ಕ ಹೇಳುವುದಿಲ್ಲ.

ಕೇಕೊ ಎಂಬ ಓರ್ಕಾ ತಿಮಿಂಗಿಲದ ಕಥೆ ನೋಡಿ. ಐಸ್‌ಲ್ಯಾಂಡಿನ ತಣ್ಣನೆಯ ಕಡಲಿನಲ್ಲಿ ಸೆರೆಸಿಕ್ಕ ಅದನ್ನು ಕಡಲಿನಿಂದ ದೂರದ ಮೆಕ್ಸಿಕೊ ಸಿಟಿಯಲ್ಲಿ, ಉಪ್ಪು ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಇಟ್ಟಿದ್ದರು. ಚರ್ಮದ ಮೇಲೆ ಪ್ಯಾಪಿಲೋಮ ವೈರಸ್‌ನ ಗಂಟುಗಳೆದ್ದವು, ತೂಕ ಇಳಿಯಿತು. 1996ರ ಜನವರಿಯಲ್ಲಿ ಅದನ್ನು ಒರೆಗಾನ್‌ನ ನ್ಯೂಪೋರ್ಟಿಗೆ ಸಾಗಿಸಿ, ಪಂಪ್ ಮಾಡಿ ತಂದ ತಣ್ಣನೆಯ ಕಡಲ ನೀರಿಗೆ ಬಿಟ್ಟರು. ಗಂಟುಗಳು ಕ್ರಮೇಣ ಮಾಸಿದವು, ಮೈ ತುಂಬಿಕೊಂಡಿತು. ಆಹಾರ, ಆರೈಕೆಗಳ ಪಾಲೂ ಅದರಲ್ಲಿದೆ, ನಿಜ. ಆದರೆ ಆ ನೀರಿಲ್ಲದೆ ಉಳಿದದ್ದು ಫಲಿಸುತ್ತಿತ್ತೆಂದು ನನಗನಿಸುವುದಿಲ್ಲ.

ಇನ್ನೊಮ್ಮೆ ಅಂಥಲ್ಲಿಗೆ ಹೋದರೆ ನೀರಿನ ಪರೀಕ್ಷೆಯ ದಾಖಲೆ ತೋರಿಸಿ ಎಂದು ಕೇಳಿ. ಹಿಂಜರಿಯಬೇಡಿ, ಟಿಕೆಟ್ ಕೊಂಡವರಿಗೆ ಕೇಳುವ ಹಕ್ಕಿದೆ. ನಮ್ಮಲ್ಲಂತೂ ಡಾಲ್ಫಿನ್ ಪ್ರದರ್ಶನಗಳಿಗೆ ಅನುಮತಿ ಕೊಡಕೂಡದೆಂದು 2013ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿದೆ. ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ನಿಮ್ಮ ಕಾರವಾರದ ಕಡಲಲ್ಲೇ ಗೂನುಬೆನ್ನಿನ ಡಾಲ್ಫಿನ್‌ಗಳಿವೆಯಲ್ಲ. ಮಗಳು ಊರಿಗೆ ಬಂದಾಗ ದೇವಬಾಗದ ಕಡೆ ಕರೆದೊಯ್ಯಿರಿ. ಅವು ಕಂಡರೆ ಎಂಜಿನ್ ನಿಲ್ಲಿಸಲು ದೋಣಿಯವರಿಗೆ ಹೇಳಿ.