ಆಪ್ತಸಲಹೆ ಪ್ರಕರಣ: ಹಂಚಿನ ಮನೆಯೋ, ಮೂರನೇ ಮಹಡಿಯೋ

ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಹತ್ತಿರ ಬಂದ ಪ್ರಕರಣ ಇದು. ಆ ದಂಪತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಗಂಡ ಸರ್ಕಾರಿ ಹೈಸ್ಕೂಲಿನಲ್ಲಿ ಕಲಿಸುತ್ತಾರೆ. ಹೆಂಡತಿ ಶಿರಸಿಯ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಕರೆಯುವ ಹಾಗೆ ಮಾಸ್ತರು, ಅಕ್ಕೋರು ಎಂದೇ ಬರೆಯುತ್ತೇನೆ.

ಮಾಸ್ತರಿಗೆ ಕಾರವಾರಕ್ಕೆ ವರ್ಗವಾಗಿತ್ತು. ಜೂನ್ ಹೊತ್ತಿಗೆ ಮನೆ ಮಾಡಬೇಕು. ಜೊತೆಗೆ ಐದು ವರ್ಷದ ಮಗಳು, ಮಾಸ್ತರ ಆಯಿ, ಅಂದರೆ ಅಮ್ಮ. ಆಯಿಗೆ ಅರವತ್ತೇಳು, ಮೊಣಕಾಲು ನೋವು. ಯಜಮಾನರು ತೀರಿಕೊಂಡು ಎರಡು ವರ್ಷ ಆಗಿತ್ತು.

ಎರಡು ಮನೆ ನೋಡಿಟ್ಟಿದ್ದರು. ಒಂದು ಕೋಡಿಬಾಗದ ಓಣಿಯಲ್ಲಿ, ಚಿರೇಕಲ್ಲಿನ ಗೋಡೆಯ ಹಂಚಿನ ಮನೆ. ಬಾಡಿಗೆ ಏಳೂವರೆ ಸಾವಿರ, ಡಿಪಾಸಿಟ್ ಮೂವತ್ತು ಸಾವಿರ. ಹಿತ್ತಲಲ್ಲಿ ಬಾವಿ, ಎರಡು ತೆಂಗಿನ ಮರ. ಬಚ್ಚಲು, ಪಾಯಿಖಾನೆ ಎರಡೂ ಹಿಂದಿನ ಬಾಗಿಲು ದಾಟಿ ಮೂರು ಮೆಟ್ಟಿಲು ಇಳಿದ ಮೇಲೆ. ಇನ್ನೊಂದು ಹಬ್ಬುವಾಡದ ಕಡೆ ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿ, ಎರಡು ಬೆಡ್‌ರೂಮಿನ ಫ್ಲಾಟ್. ಲಿಫ್ಟ್ ಇದೆ. ಬಾಡಿಗೆ ಹದಿನೈದು ಸಾವಿರ, ಮೇಂಟೆನೆನ್ಸ್ ಒಂದೂವರೆ ಸಾವಿರ, ಡಿಪಾಸಿಟ್ ಒಂದು ಲಕ್ಷ.

ಫ್ಲಾಟ್ ಬೇಕು ಎಂದವರು ಮಾಸ್ತರು. ಹಂಚಿನ ಮನೆ ಸಾಕು ಎಂದವರು ಅಕ್ಕೋರು. ಹದಿನೈದು ದಿನದಿಂದ ಮನೆಯಲ್ಲಿ ಊಟಕ್ಕೆ ಕರೆಯುವಷ್ಟೇ ಮಾತು ಉಳಿದಿತ್ತು.

ಮೊದಲ ದಿನ ಮಾಸ್ತರೇ ಜಾಸ್ತಿ ಮಾತಾಡಿದರು. ಶಿರಸಿಯಲ್ಲಿ ಎಂಟು ವರ್ಷ ಸೋರುವ ಮನೆಯಲ್ಲಿ ಕಳೆದಿದ್ದಾರೆ. ಮಳೆಗಾಲದಲ್ಲಿ ಮಗಳ ಬಟ್ಟೆ ಒಲೆಯ ಮೇಲೆ ತಂತಿ ಕಟ್ಟಿ ಒಣಗಿಸುತ್ತಿದ್ದರು. ಕಪಾಟಿನಲ್ಲಿಟ್ಟ ಸೀರೆಗಳಿಗೆ ಬೂಷ್ಟು ಹಿಡಿಯುತ್ತಿತ್ತು. "ಇನ್ನಾದರೂ ಒಂದು ಚಲೋ ಮನೆಯಲ್ಲಿ ಇರೋಣ ಅಂದ್ರೆ ಇವಳು ಕೇಳೋದಿಲ್ಲ ಮೇಡಂ" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಅದನ್ನು ಗಮನಿಸಿದೆ. ಆದರೆ ಅವತ್ತು ಕೆದಕಲಿಲ್ಲ.

ಅಕ್ಕೋರು ಹೇಳಿದ್ದು ಇಷ್ಟೇ. "ದುಡಿಯೋರು ಇವರು. ನಾನು ಕೆಲಸ ಬಿಟ್ಟು ಬಂದವಳು. ನನ್ನ ಮಾತು ಯಾಕೆ ಬೇಕು?" ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು. "ಶಿರಸಿಯಲ್ಲಿ ಪ್ಯಾಟೆಗೆ ಹೋದ್ರೆ ಅಕ್ಕೋರೇ ಅಂತ ಹತ್ತು ಜನ ಮಾತಾಡಿಸೋರು. ಇಲ್ಲಿ ಯಾರಿಗೆ ನಾನು ಅಕ್ಕೋರು?"

ಎರಡು ಮನೆಯ ಒಳಿತು ಕೆಡುಕು ಪಟ್ಟಿ ಮಾಡಿ ಅಂತ ನಾನು ಹೇಳಲಿಲ್ಲ. ಅದನ್ನು ಅವರು ಆಗಲೇ ಮಾಡಿ, ಅದರ ಮೇಲೇ ಜಗಳ ಆಡಿ ಆಗಿತ್ತು. ಅದರ ಬದಲು ಒಂದು ಕೆಲಸ ಕೊಟ್ಟೆ. ಆಗಸ್ಟ್ ತಿಂಗಳ ಒಂದು ಶುಕ್ರವಾರ ಅಂದುಕೊಳ್ಳಿ. ಹೊರಗೆ ಮಳೆ ಹೊಯ್ಯುತ್ತಿದೆ, ಶಾಲೆಗೆ ರಜೆ ಇಲ್ಲ. ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಆ ದಿನವನ್ನು ಎರಡೂ ಮನೆಯಲ್ಲಿ ಕಳೆದ ಹಾಗೆ ಬರೆದುಕೊಂಡು ಬನ್ನಿ. ಇಬ್ಬರೂ ಬೇರೆ ಬೇರೆ ಬರೆಯಬೇಕು. ಒಬ್ಬರದ್ದು ಇನ್ನೊಬ್ಬರು ನೋಡಬಾರದು. ಆಗಸ್ಟ್ ಅಂದಿದ್ದಕ್ಕೆ ಕಾರಣ ಇದೆ. ಮೇ ತಿಂಗಳ ಬಿಸಿಲಲ್ಲಿ ಮನೆ ನೋಡಿ ಅಡ್ವಾನ್ಸ್ ಕೊಟ್ಟವರು ಜುಲೈನಲ್ಲಿ ಅಳುವುದನ್ನು ನಾನು ಈ ಕರಾವಳಿಯಲ್ಲಿ ತುಂಬ ಸಲ ನೋಡಿದ್ದೇನೆ.

ಮುಂದಿನ ಶನಿವಾರ ಎರಡು ಹಾಳೆ ತಂದರು. ಮಾಸ್ತರದ್ದು ಎಂಟು ಸಾಲು. ಏಳುವುದು, ಸ್ನಾನ, ತಿಂಡಿ, ಶಾಲೆ. ಸಂಜೆ ಬಂದು ಬಾಲ್ಕನಿಯಲ್ಲಿ ಎಲ್ಲರೂ ಕೂತು ಚಾ ಕುಡಿಯುವುದು. ಊಟ, ನಿದ್ದೆ. ಅಕ್ಕೋರದ್ದು ಎರಡು ಪುಟ. ಹಂಚಿನ ಮನೆಯ ಬಚ್ಚಲಿಗೆ ಆಯಿಯನ್ನು ಮಳೆಯಲ್ಲಿ ಕೊಡೆ ಹಿಡಿದು ಕರೆದುಕೊಂಡು ಹೋಗುವುದನ್ನೂ ಬರೆದಿದ್ದರು. ಅಂದರೆ ಆ ಮನೆಯ ತೊಂದರೆ ಅವರಿಗೆ ಗೊತ್ತಿತ್ತು. ಸುಮ್ನೆ ಹಠ ಮಾಡುತ್ತಿರಲಿಲ್ಲ.

ಒಟ್ಟು ತಾಸು ಲೆಕ್ಕ ಹಾಕಿ ಎಂದೆ. ಮಾಸ್ತರು ಮನೆಯಲ್ಲಿ ಇರುವುದು ಹದಿಮೂರು ತಾಸು, ಅದರಲ್ಲಿ ಏಳು ತಾಸು ನಿದ್ದೆ. ಅಕ್ಕೋರು ಇಪ್ಪತ್ತೆರಡು ತಾಸು. ಆಯಿ ಇಪ್ಪತ್ನಾಲ್ಕೂ ತಾಸು. ಮಾಸ್ತರು ಆ ಅಂಕೆಗಳನ್ನೇ ನೋಡುತ್ತ ಕೂತರು.

ಆಮೇಲೆ ಅಕ್ಕೋರ ಹಾಳೆಯ ಎರಡನೇ ಪುಟದಲ್ಲಿ, ಫ್ಲಾಟ್ ಎಂದು ಬರೆದ ಕಡೆ, ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. "ಸಂಜೆ 5. ಶ್ರಾವಣ ಶುಕ್ರವಾರ. ಯಾರಾದರೂ ಅರಿಶಿನ ಕುಂಕುಮಕ್ಕೆ ಕರೆದರೆ ಹೋಗಬಾರದು."

"ಹೋಗಬಾರದು ಅಂತ ಯಾಕೆ ಬರೆದಿರಿ?" ಎಂದು ಕೇಳಿದೆ.

ಅವರು ಉತ್ತರ ಕೊಡಲಿಲ್ಲ. ಸೆರಗನ್ನು ಮುಂಗೈ ಮೇಲೆ ಎಳೆದುಕೊಂಡರು. ಆಗಲೇ ನಾನು ಸರಿಯಾಗಿ ನೋಡಿದ್ದು. ಎರಡೂ ಕೈಯಲ್ಲಿ ಬರೀ ಹಸಿರು ಗಾಜಿನ ಬಳೆ. ಒಂದು ಕೈಯಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರು. ಒಡೆದುಹೋದ ಒಂದರ ಬದಲಿಗೆ ಹೊಸದು ಹಾಕಿಕೊಂಡಿರಲಿಲ್ಲ.

ನಿಧಾನಕ್ಕೆ ವಿಷಯ ಹೊರಗೆ ಬಂತು. ಮಾವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇದ್ದಾಗ ಅಕ್ಕೋರ ಬಂಗಾರದ ನಾಲ್ಕು ಬಳೆ ಮತ್ತು ಅವಲಕ್ಕಿ ಸರ ಬ್ಯಾಂಕಿಗೆ ಅಡವಿಗೆ ಹೋಗಿದ್ದವು. ಅವರೇ ಬಿಚ್ಚಿ ಕೊಟ್ಟಿದ್ದರು. ಸಾಲ ಎರಡು ಲಕ್ಷ ನಲವತ್ತು ಸಾವಿರ, ಬಡ್ಡಿ ವರ್ಷಕ್ಕೆ ಶೇಕಡಾ 9. ವರ್ಷ ತುಂಬಿದಾಗ ಬಡ್ಡಿ ಕಟ್ಟಿ ಸಾಲವನ್ನು ಹೊಸದು ಮಾಡಿಕೊಳ್ಳುತ್ತ ಬಂದಿದ್ದರು. ಅಸಲು ಹಾಗೇ ಇತ್ತು. ಎರಡು ವರ್ಷದಲ್ಲಿ ಆ ಬಳೆಗಳ ಬಗ್ಗೆ ಗಂಡ ಹೆಂಡತಿ ಒಂದು ಸಲವೂ ಮಾತಾಡಿರಲಿಲ್ಲ. ಕೇಳಿದರೆ ಗಂಡನಿಗೆ ನೋವಾದೀತು ಎಂದು ಅಕ್ಕೋರು ಸುಮ್ಮನಿದ್ದರು. ಅಕ್ಕೋರು ಕೇಳಲಿಲ್ಲ, ಮರೆತಿರಬೇಕು ಎಂದು ಮಾಸ್ತರಿಗೆ ಅನ್ನಿಸಲೇ ಇಲ್ಲ. ಅವರಿಗೆ ನಾಚಿಕೆಯೇ ಇತ್ತು.

ಮಾಸ್ತರು ಕಿಟಕಿ ಕಡೆ ಮುಖ ಮಾಡಿ ಹೇಳಿದರು. "ಅದಕ್ಕೇ ಮೇಡಂ ಫ್ಲಾಟ್. ಬಳೆ ಬಿಡಿಸಿಕೊಡಲಿಕ್ಕೆ ನನ್ನಿಂದ ಆಗಲಿಲ್ಲ. ಮನೆಯಾದ್ರೂ ಚಂದದ್ದು ಕೊಡೋಣ ಅಂತ."

ಅಕ್ಕೋರು ಅತ್ತರು. ನಾನು ನೀರು ಕೊಟ್ಟು ಸುಮ್ಮನೆ ಕೂತೆ.

ಆ ದಿನವೇ ಲೆಕ್ಕಕ್ಕೆ ಕೂತೆವು. ದುಃಖ ಆರಲಿ, ಆಮೇಲೆ ನೋಡೋಣ ಎಂದು ಬಿಟ್ಟಿದ್ದರೆ ಆ ಮಾತು ಮತ್ತೆ ಒಳಗೆ ಹೋಗುತ್ತಿತ್ತು. ಎರಡು ಮನೆಗೂ ತಿಂಗಳಿಗೆ ಒಂಬತ್ತು ಸಾವಿರ ವ್ಯತ್ಯಾಸ. ಅದಷ್ಟನ್ನೂ ಬಂಗಾರದ ಸಾಲಕ್ಕೆ ಕಟ್ಟಿದರೆ 30 ತಿಂಗಳಲ್ಲಿ ಸಾಲ ತೀರುತ್ತದೆ. ಫ್ಲಾಟಿನ ಡಿಪಾಸಿಟ್ಟಿಗೆಂದು ಕೂಡಿಟ್ಟ ಒಂದು ಲಕ್ಷದಲ್ಲಿ ಎಪ್ಪತ್ತು ಸಾವಿರ ಉಳಿಯುತ್ತದೆ. ಅದನ್ನು ಮೊದಲೇ ಅಸಲಿಗೆ ಕಟ್ಟಿದರೆ ಎರಡು ವರ್ಷದ ಒಳಗೇ ಮುಗಿಯುತ್ತದೆ. ಮಾಸ್ತರು ಮನೆ ಬಾಡಿಗೆ ಭತ್ಯೆಯನ್ನು ನೆಚ್ಚಿಕೊಂಡಿದ್ದರು. 2024ರ ಆಗಸ್ಟಿನಿಂದ ಜಾರಿಗೆ ಬಂದ ಏಳನೇ ವೇತನ ಆಯೋಗದ ಪ್ರಕಾರ ಐದು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಿಗೆ ಅದು ಮೂಲ ವೇತನದ ಶೇಕಡಾ 7.5. ಕಾರವಾರಕ್ಕೂ ಅಷ್ಟೇ, ಶಿರಸಿಗೂ ಅಷ್ಟೇ. ಅವರಿಗೆ ಸಿಗುವುದು ಕೆಲವೇ ಸಾವಿರ. ಫ್ಲಾಟಿನ ಹದಿನಾರೂವರೆ ಸಾವಿರದ ಮುಂದೆ ಅದು ಏನೂ ಅಲ್ಲ. ಮೇಲಾಗಿ ಅಕ್ಕೋರ ಸಂಬಳ ಈಗ ಇಲ್ಲ.

ಇಷ್ಟಾದ ಮೇಲೂ ಹಂಚಿನ ಮನೆಗೆ ಹೋಗಿ ಎಂದು ನಾನು ಹೇಳಲಿಲ್ಲ. ಆಯಿಯ ವಿಷಯ ಬಾಕಿ ಇತ್ತು.

ಇಲ್ಲಿ ನನ್ನದೇ ಒಂದು ತಪ್ಪಿದೆ. ಮೊದಲ ದಿನ "ಆಯಿಗೆ ಯಾವ ಮನೆ ಇಷ್ಟ?" ಎಂದು ಕೇಳಿದ್ದೆ. "ಆಯಿಗೆ ಎಲ್ಲಾದರೂ ಅಡ್ಡಿಯಿಲ್ಲ" ಎಂದು ಮಾಸ್ತರು ಹೇಳಿದ್ದರು. ನಾನು ಒಪ್ಪಿಕೊಂಡುಬಿಟ್ಟೆ. ಇಪ್ಪತ್ನಾಲ್ಕು ತಾಸು ಮನೆಯಲ್ಲಿ ಇರುವವರ ಮಾತನ್ನು ಅವರ ಬಾಯಿಂದಲೇ ಕೇಳಬೇಕಿತ್ತು. ಮೂರನೇ ಸಲ ಆಯಿಯನ್ನು ಕರೆದುಕೊಂಡು ಬನ್ನಿ ಎಂದೆ.

ಆಯಿ ಬಂದರು. ಅವರ ಬಾಯಲ್ಲೂ ಮೊದಲು ಬಂದದ್ದು ಅದೇ ಮಾತು. "ಯಂಗೆ ಎಲ್ಲಾದ್ರೂ ಅಡ್ಡಿಲ್ಲೆ." ಮಗ ಸೊಸೆಯನ್ನು ಹೊರಗೆ ಕೂರಿಸಿ ಮತ್ತೆ ಕೇಳಿದೆ. ಯಾವ ಮನೆ ಬೇಕು ಎಂದು ಕೇಳಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಏನು ಮಾಡುತ್ತೀರಿ ಎಂದೆ. ಆಗ ಮಾತು ಹರಿಯಿತು. ಅವರು ಹೂ ಕಟ್ಟುತ್ತಾರೆ. ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಾರೆ. ಲಿಫ್ಟಿನ ಭಯ ಇದೆ. ಕರೆಂಟು ಹೋದರೆ ಒಳಗೇ ಉಳಿದುಬಿಟ್ಟರೆ ಎಂದು. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ರಾತ್ರಿ ಹೊತ್ತು ಕುಸಿದ ಸುದ್ದಿಯನ್ನು ಟಿವಿಯಲ್ಲಿ ನೋಡಿದ್ದರು. ಆವತ್ತಿನಿಂದ ಕಾರವಾರ ಎಂದರೆ ಒಂದು ಹೆದರಿಕೆ ಕೂತಿದೆ. ಹಾಗೆಂದು ಹಂಚಿನ ಮನೆಯೂ ಅವರಿಗೆ ಪೂರ್ತಿ ಒಪ್ಪಿಗೆ ಇರಲಿಲ್ಲ. ರಾತ್ರಿ ಎರಡು ಸಲ ಏಳಬೇಕು. ಪಾಚಿ ಕಟ್ಟಿದ ಮೂರು ಮೆಟ್ಟಿಲು, ಕುಕ್ಕುರುಗಾಲಿನಲ್ಲಿ ಕೂರುವ ಪಾಯಿಖಾನೆ. ಸೊಸೆಯನ್ನು ನಿದ್ದೆಯಿಂದ ಎಬ್ಬಿಸಬೇಕಲ್ಲ ಎಂಬುದು ಅವರಿಗೆ ಎಲ್ಲಕ್ಕಿಂತ ದೊಡ್ಡ ಚಿಂತೆ.

ಎಲ್ಲರನ್ನೂ ಕೂರಿಸಿಕೊಂಡು ನಾನು ಹೇಳಿದ್ದು ಇದು.

ಬಾಡಿಗೆಯ ಮಾತನ್ನು ಸಾಲದ ಬಾಕಿಯ ಮಾತಿನ ಜೊತೆಗೇ ಆಡಬೇಕು. ಸಾಲ ತೀರುವವರೆಗೆ ಹಂಚಿನ ಮನೆ ನಿಮಗೆ ಹೊಂದುತ್ತದೆ. ಆದರೆ ಈಗ ಇರುವ ಹಾಗೇ ಬೇಡ. ಮನೆಯೊಡತಿಯ ಹತ್ತಿರ ನಾಲ್ಕು ಮಾತು ಗಟ್ಟಿ ಮಾಡಿಕೊಳ್ಳಿ. ಹಿಂದಿನ ಬಾಗಿಲಿಂದ ಬಚ್ಚಲಿನವರೆಗೆ ತಗಡಿನ ಮಾಡು ಆಗಬೇಕು. ಮೆಟ್ಟಿಲಿನ ಜಾಗದಲ್ಲಿ ಇಳಿಜಾರು, ಹಿಡಿದುಕೊಳ್ಳಲು ಪೈಪು ಬೇಕು. ಪಾಯಿಖಾನೆಗೆ ಕಮೋಡ್ ಕೂರಿಸಬೇಕು. ಮೃಗಶಿರ ಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸಿ, ಒಡೆದದ್ದು ಬದಲಾಯಿಸಬೇಕು. ಖರ್ಚು ಯಾರದ್ದು, ಬಾಡಿಗೆಯಲ್ಲಿ ಎಷ್ಟು ಮುರಿಯುವುದು ಎಂಬುದನ್ನು ಕರಾರಿನಲ್ಲೇ ಬರೆಸಿ. ಬಾಯಿಮಾತು ಮಳೆಗಾಲದವರೆಗೆ ನಿಲ್ಲುವುದಿಲ್ಲ. ಆಯಿಯ ಬಚ್ಚಲಿನ ವಿಷಯಕ್ಕೆ ಮನೆಯೊಡತಿ ಒಪ್ಪದಿದ್ದರೆ ಆ ಮನೆ ಬಿಡಿ, ಮೂರನೆಯದನ್ನು ಹುಡುಕಿ. ಆಯಿ ಒಂದು ಸಲ ಬಿದ್ದರೆ ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಗುತ್ತದೆ.

ಬಾವಿ ನೀರನ್ನು ಈಗಲೇ, ಮೇ ತಿಂಗಳಲ್ಲೇ, ಕುಡಿದು ನೋಡಿ ಎಂದೆ. ಕೋಡಿಬಾಗದ ಹಾಗೆ ನದಿ ಸಮುದ್ರ ಸೇರುವ ಜಾಗದ ಹತ್ತಿರ ಇರುವ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ಮಳೆಗಾಲದಲ್ಲಿ ಎಲ್ಲ ಬಾವಿಯ ನೀರೂ ಸಿಹಿಯೇ. ಹೆಸ್ಕಾಂ ಕರೆಂಟು ಬಿಲ್ಲಿನ ಹಳೆಯ ಪ್ರತಿ ಕೇಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ 200 ಯೂನಿಟ್ ಎಲ್ಲರಿಗೂ ಸಿಗುವುದಿಲ್ಲ. ಆ ಮೀಟರಿನ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ಇರುತ್ತದೆ. ಒಬ್ಬರೇ ಇದ್ದ ಮನೆಯಾದರೆ ಉಚಿತದ ಮಿತಿ ಕಡಿಮೆಯೇ ಇರುತ್ತದೆ. ಕರಾರು 11 ತಿಂಗಳಿಗೆ ಇರಲಿ, ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ. ನಿಮಗೂ ಮತ್ತೆ ಯೋಚನೆ ಮಾಡಲು ಒಂದು ದಿನ ಸಿಕ್ಕ ಹಾಗೆ ಆಗುತ್ತದೆ.

ಬಂಗಾರದ ಬಗ್ಗೆ ಒಂದೇ ಮಾತು ಹೇಳಿದೆ. ಸಾಲ ಪೂರ್ತಿ ತೀರಲಿ ಎಂದು ಕಾಯಬೇಡಿ. ಅಸಲಿನ ಒಂದು ಭಾಗ ಕಟ್ಟಿದರೆ ಎರಡು ಬಳೆ ಮೊದಲು ಬಿಡಿಸಿಕೊಳ್ಳಲು ಆಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಆ ದಿನ ಇಬ್ಬರೂ ಒಟ್ಟಿಗೆ ಹೋಗಿ. ಪಾಸ್‌ಬುಕ್ ಅಕ್ಕೋರ ಕೈಯಲ್ಲಿ ಇರಲಿ.

ಅಕ್ಕೋರಿಗೆ ಬೇರೆಯಾಗಿ ಹೇಳಿದ್ದೂ ಇದೆ. "ದುಡಿಯುವವರು ಇವರು" ಎಂಬ ಮಾತನ್ನು ಇನ್ನು ಆಡಬೇಡಿ. ಇಪ್ಪತ್ತೆರಡು ತಾಸಿನ ಹಾಳೆ ನಿಮ್ಮ ಕೈಯಲ್ಲೇ ಇದೆ. ಓಣಿಯ ಮಕ್ಕಳಿಗೆ ಸಂಜೆ ಪಾಠ ಹೇಳುವ ಯೋಚನೆ ಅವರದ್ದೇ. ಜಗಲಿ ಇದ್ದರೆ ಅದು ಸುಲಭ. ಫ್ಲಾಟಿನಲ್ಲಿ ಅದಕ್ಕೂ ಅನುಮತಿ ಕೇಳಬೇಕಾಗುತ್ತಿತ್ತು.

ಮನೆಯೊಡತಿ ಮಾಡಿಗೆ, ಕಮೋಡಿಗೆ ಅರ್ಧ ಖರ್ಚು ಕೊಡಲು ಒಪ್ಪಿದರು. ಹಂಚು ಕೈಯಾಡಿಸಿದ್ದು ಅವರದ್ದೇ ಖರ್ಚಿನಲ್ಲಿ. ಮೇ ಕೊನೆಗೆ ಮನೆ ಹೊಕ್ಕರು. ಪುನರ್ವಸು ಮಳೆಗೆ ಅಡುಗೆಮನೆಯ ಮೂಲೆಯಲ್ಲಿ ಸೋರಿತು. ಅಕ್ಕೋರು ಫೋನ್ ಮಾಡಿ ಹೇಳಿದರು. "ಬಾಲ್ದಿ ಇಟ್ಟಿದ್ದೇವೆ ಮೇಡಂ. ಇವರು ಬೇಜಾರು ಮಾಡ್ಕೊಂಡು ಕೂತಿದಾರೆ." ಮಾಸ್ತರ ಹತ್ತಿರ ಮಾತಾಡಿದೆ. ಸೋರುವ ಮನೆಯಲ್ಲಿ ಮತ್ತೆ ಇಟ್ಟೆನಲ್ಲ ಎಂಬ ಕೊರಗು ಅವರಿಗೆ ಇನ್ನೂ ಇದೆ. ಅದು ಒಂದೆರಡು ಭೇಟಿಯಲ್ಲಿ ಹೋಗುವಂಥದ್ದಲ್ಲ. ಅವರು ಈಗಲೂ ತಿಂಗಳಿಗೆ ಒಮ್ಮೆ ಬರುತ್ತಾರೆ, ಒಬ್ಬರೇ. ಅಪ್ಪನ ಬಗ್ಗೆ ಮಾತಾಡುತ್ತಾರೆ.

ದೀಪಾವಳಿಯ ಹೊತ್ತಿಗೆ ಎರಡು ಬಳೆ ಮನೆಗೆ ಬಂದವು. ಇನ್ನೆರಡು ಬಳೆ, ಅವಲಕ್ಕಿ ಸರ ಬ್ಯಾಂಕಿನಲ್ಲೇ ಇವೆ. ಜಗಲಿಯ ಪಾಠಕ್ಕೆ ಆರು ಮಕ್ಕಳು ಬರುತ್ತಾರೆ. ಕರಾರು ಏಪ್ರಿಲ್ಲಿಗೆ ಮುಗಿಯುತ್ತದೆ. ಫ್ಲಾಟಿನ ವಿಷಯ ಆಗ ಮತ್ತೆ ಮಾತಾಡಬೇಕು ಎಂದು ಮಾಸ್ತರು ಹೇಳಿದ್ದಾರೆ. ಈ ಸಲ ಮೊದಲ ದಿನವೇ ಆಯಿಯನ್ನೂ ಕರೆದುಕೊಂಡು ಬರುತ್ತಾರಂತೆ.