ಅರ್ಧ ಗಂಟೆಗೆ ಒಂದು ಪದ

ಬಸ್ಸಿನಲ್ಲೋ ರೈಲಿನಲ್ಲೋ ಸಿಕ್ಕ ಅಪರಿಚಿತರೊಬ್ಬರು ನಿಮ್ಮಲ್ಲಿ ಉತ್ಸಾಹ ತುಂಬಿ ಇಳಿದುಹೋದದ್ದುಂಟೇ ಎಂದು ಕೇಳಿದ್ದೀರಿ. ಉಂಟು. ಆದರೆ ಅವರು ನನಗೆ ಯಾವ ಹಿತವಚನವನ್ನೂ ಹೇಳಲಿಲ್ಲ. ಒಂದು ಪದವನ್ನು ಓದಲು ಪರದಾಡುತ್ತಿದ್ದರು, ನಾನು ಪಕ್ಕದಲ್ಲಿ ಕುಳಿತು ಚುಕ್ಕಿ ಎಣಿಸಿಕೊಟ್ಟೆ, ಅಷ್ಟೆ.

ಮಧ್ಯಾಹ್ನದ ರೈಲು, ಜನ ಕಡಿಮೆ. ಕಿಟಕಿಯ ಬಳಿ ಅರವತ್ತರ ಆಸುಪಾಸಿನ ಮಹಿಳೆಯೊಬ್ಬರು ಮಡಚಿದ ಬಿಳಿ ಕೋಲನ್ನು ಪಕ್ಕಕ್ಕಿಟ್ಟುಕೊಂಡು, ಬೆರಳಿನಿಂದ ಮುಟ್ಟಿ ಓದುವ ಉಬ್ಬುಚುಕ್ಕಿಗಳ ಲಿಪಿಯಾದ ಬ್ರೈಲ್‌ನಲ್ಲಿದ್ದ, ದಪ್ಪ ಹಾಳೆಗಳ ಪುಸ್ತಕವನ್ನು ತೊಡೆಯ ಮೇಲೆ ತೆರೆದು ಕುಳಿತಿದ್ದರು. ಬ್ರೈಲ್ ಓದುವವರ ಬೆರಳು ಸಾಲಿನ ಮೇಲೆ ಸರಾಗವಾಗಿ ಜಾರಿಹೋಗುತ್ತದೆ ಎಂದೇ ನಾನು ತಿಳಿದಿದ್ದೆ. ಇವರ ತೋರುಬೆರಳು ಮಾತ್ರ ಒಂದೇ ಕಡೆ ನಿಂತು, ಹಿಂದಕ್ಕೆ ಬಂದು, ಮತ್ತೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಬಹಳ ಹೊತ್ತಿನ ಮೇಲೆ ಅವರು ತಲೆಯೆತ್ತಿ, ‘ಪಕ್ಕದಲ್ಲಿ ಯಾರಾದರೂ ಇದ್ದೀರಾ? ನಿಮಗೆ ಕಣ್ಣು ಚೆನ್ನಾಗಿ ಕಾಣುತ್ತದೆಯೇ?’ ಎಂದು ಕೇಳಿದರು. ಕನ್ನಡಕ ಹಾಕಿಕೊಂಡರೆ ಕಾಣುತ್ತದೆ ಎಂದೆ. ‘ಹಾಗಾದರೆ ಹಾಕಿಕೊಳ್ಳಿ’ ಎಂದರು.

ಸಕ್ಕರೆ ಕಾಯಿಲೆಯಿಂದ ಅವರ ಅಕ್ಷಿಪಟಲ ಹಾಳಾಗಿ ದೃಷ್ಟಿ ಹೋಗಿತ್ತು. ಅದೇ ಕಾಯಿಲೆ ನರಗಳನ್ನೂ ಕೆಡಿಸಿ ಬೆರಳ ತುದಿಯ ಸ್ಪರ್ಶವನ್ನು ಮಂದಗೊಳಿಸಬಲ್ಲದು ಎಂಬುದು ನನಗೆ ಗೊತ್ತಾದದ್ದು ಅವರಿಂದಲೇ. ಕಣ್ಣಿನ ಬದಲು ಬೆರಳಿನಿಂದ ಓದೋಣವೆಂದರೆ ಬೆರಳೂ ಕೈಕೊಟ್ಟಿತ್ತು. ಲೂಯಿ ಬ್ರೈಲ್ 1824ರಲ್ಲಿ ಈ ಲಿಪಿಗೆ ಮೊದಲ ರೂಪ ಕೊಟ್ಟಾಗ ಅವನಿಗೆ ಹದಿನೈದೇ ವರ್ಷ. ಅವನಿಗಿಂತ ಮೊದಲು ಶಾರ್ಲ್ ಬಾರ್ಬಿಯೇ ಎಂಬವನು ಮಾಡಿದ್ದ ಹನ್ನೆರಡು ಚುಕ್ಕಿಗಳ ಲಿಪಿ ಬೆರಳ ತುದಿಯ ಅಳತೆಯನ್ನು ಮೀರುತ್ತಿತ್ತು. ಬ್ರೈಲ್ ಅದನ್ನು ಆರಕ್ಕೆ ಇಳಿಸಿದ. ಆದರೆ ಅದು ಚುರುಕು ಬೆರಳಿನ ಹುಡುಗನ ಲೆಕ್ಕಾಚಾರ, ಅರವತ್ತರಲ್ಲಿ ಅ ಆ ಇ ಈ ಶುರುಮಾಡಿದವರಿಗೆ ಆರೂ ಹೆಚ್ಚೇ.

ತೊಡಕಿದ್ದುದು ಇಲ್ಲಿ. ಬ್ರೈಲ್‌ನಲ್ಲಿ ಪ್ರತಿ ಅಕ್ಷರಕ್ಕೂ ಆರು ಚುಕ್ಕಿಗಳ ಒಂದು ಮನೆ: ಎಡಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ 1, 2, 3, ಬಲಸಾಲಿನಲ್ಲಿ 4, 5, 6. ಒಂದನೆಯ ಚುಕ್ಕಿ ಮಾತ್ರ ಉಬ್ಬಿದ್ದರೆ ‘ಅ’, ಒಂದು ಮತ್ತು ಮೂರು ಉಬ್ಬಿದ್ದರೆ ‘ಕ’. ನಾಲ್ಕನೆಯದು ಮಾತ್ರ ಉಬ್ಬಿದ್ದರೆ ಅದು ಅಕ್ಷರವಲ್ಲ, ಮುಂದೆ ಬರುವ ವ್ಯಂಜನದ ಸ್ವರವನ್ನು ಕಳಚುವ ಗುರುತು. ಅಕ್ಷರದ ಅಡಿಯಲ್ಲಿ ಜಾಗವಿಲ್ಲದ ಈ ಲಿಪಿಯಲ್ಲಿ ಒತ್ತಕ್ಷರವೂ ಹೀಗೆ ಸಾಲಿನಲ್ಲೇ ನಡೆದು ಬರಬೇಕು. ಅವರಿಗೆ ಸಿಕ್ಕಿದ್ದುದು ಒಂಟಿ ಚುಕ್ಕಿ, ಮತ್ತೊಂದು ಒಂಟಿ ಚುಕ್ಕಿ, ಆಮೇಲೆ ಎರಡು ‘ಕ’. ‘ಅ-ಅ-ಕ-ಕ ಅಂದರೆ ಏನ್ರೀ?’ ಎಂದು ಅವರೇ ನಕ್ಕರು.

ಬಿಳಿ ಹಾಳೆಯ ಮೇಲಿನ ಬಿಳಿ ಚುಕ್ಕಿಗಳು ನೇರ ಬೆಳಕಿನಲ್ಲಿ ಕಾಣುವುದೇ ಇಲ್ಲ. ಪುಸ್ತಕವನ್ನು ಕಿಟಕಿಯ ಕಡೆಗೆ ಓರೆಯಾಗಿ ಹಿಡಿದಾಗ ಒಂದೊಂದು ಚುಕ್ಕಿಯ ಮಗ್ಗುಲಿಗೂ ಸಣ್ಣ ನೆರಳು ಬಿತ್ತು. ಆ ಎರಡನೆಯ ಒಂಟಿ ಚುಕ್ಕಿ ಎಡದ್ದೋ ಬಲದ್ದೋ ಎಂದು ಅವರು ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಸುತ್ತ ಗೆರೆಯಿಲ್ಲದ ಮನೆಯಲ್ಲಿ ಎಡ ಯಾವುದು, ಬಲ ಯಾವುದು? ಅವರೇ ದಾರಿ ತೋರಿದರು: ‘ಹಿಂದಿನ ಚುಕ್ಕಿಗೆ ಹತ್ತಿರ ಇದೆಯೋ, ಮುಂದಿನದಕ್ಕೋ ನೋಡಿ.’ ಒಂದು ಮನೆಯ ಒಳಗಿನ ಎರಡು ಸಾಲುಗಳ ನಡುವೆ ಇರುವುದು ಸುಮಾರು 2.5 ಮಿಲಿಮೀಟರ್, ಒಂದು ಮನೆಯಿಂದ ಇನ್ನೊಂದಕ್ಕೆ ಸುಮಾರು 6. ರೈಲು ಕುಲುಕುತ್ತಿದ್ದಾಗ ಆ ಅಂತರವನ್ನು ಅಳೆಯುವುದು ಕಣ್ಣಿಗೂ ಸುಲಭವಲ್ಲ. ಮುಂದಿನದಕ್ಕೆ ವಾಲಿಕೊಂಡಿದೆ ಎಂದೆ. ಅವರ ಬೆರಳು ಇನ್ನೊಮ್ಮೆ ಅದರ ಮೇಲೆ ಹಾದುಹೋಯಿತು, ತುಟಿಗಳು ಅಲುಗಿದವು. ‘ಅಯ್ಯೋ, ಅಕ್ಕ!’ ಎಂದರು. ಎದುರು ಸೀಟಿನಲ್ಲಿ ತೂಕಡಿಸುತ್ತಿದ್ದವರು ತಮ್ಮನ್ನು ಯಾರೋ ಕರೆದರೆಂದು ಕಣ್ಣು ಬಿಟ್ಟರು.

ಆ ಪದಕ್ಕೆ ಅರ್ಧ ಗಂಟೆ ಹಿಡಿದಿತ್ತು. ಮುಂದಿನ ಪದದ ಚುಕ್ಕಿಗಳನ್ನೂ ಹೇಳುತ್ತೇನೆ ಎಂದು ನಾನು ಬಗ್ಗಿದರೆ ಅವರು ಅಂಗೈಯಿಂದ ಸಾಲನ್ನು ಮುಚ್ಚಿಬಿಟ್ಟರು. ಎರಡು ನಿಲ್ದಾಣಗಳ ನಂತರ ಕೋಲು ಬಿಡಿಸಿಕೊಂಡು ಇಳಿದರು. ಅವರ ಹೆಸರನ್ನು ನಾನು ಕೇಳಲಿಲ್ಲ, ನನ್ನ ಹೆಸರನ್ನು ಅವರೂ ಕೇಳಲಿಲ್ಲ.

ಅಂಗವೈಕಲ್ಯವಿರುವವರು ತಮ್ಮ ದಿನದ ಕೆಲಸ ಮಾಡಿಕೊಳ್ಳುವುದನ್ನೇ ‘ಸ್ಫೂರ್ತಿ’ ಎಂದು ಕೊಂಡಾಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ; ಅವರ ಬದುಕು ನಮ್ಮ ಹುರುಪಿಗಾಗಿ ನಡೆಯುತ್ತಿರುವುದಲ್ಲ. ನನ್ನನ್ನು ತಟ್ಟಿದ್ದು ಅವರ ಕುರುಡುತನವಲ್ಲ, ತಮಗೆ ಓದಲು ಬರುವುದಿಲ್ಲವೆಂಬುದನ್ನು ನಾಲ್ಕು ಜನರ ಮುಂದೆ ಅವರು ಸಂಕೋಚವಿಲ್ಲದೆ ತೆರೆದಿಟ್ಟ ರೀತಿ. ಅದಕ್ಕೆ ಆರು ತಿಂಗಳು ಮೊದಲು ನಾನು, ನಲವತ್ತಾರರ ವಯಸ್ಸಿನಲ್ಲಿ, ಈಜು ಕಲಿಯಲು ಸೇರಿ ಎಂಟೇ ದಿನಕ್ಕೆ ಬಿಟ್ಟುಬಂದಿದ್ದೆ. ಮನೆಯಲ್ಲಿ ಭುಜನೋವೆಂದು ಹೇಳಿದ್ದೆ. ನಿಜವೇನೆಂದರೆ, ಸೊಂಟದಷ್ಟು ಎತ್ತರದ ಮಕ್ಕಳ ಸಾಲಿನಲ್ಲಿ ನಾನೊಬ್ಬನೇ ಕೊಳದ ಕಂಬಿ ಹಿಡಿದು ಕಾಲು ಬಡಿಯುವುದನ್ನು ಅವರ ತಾಯಂದಿರು ಕುಳಿತು ನೋಡುತ್ತಿದ್ದುದು ನನಗೆ ಸಹಿಸಲಾಗಲಿಲ್ಲ.

ಆ ಪ್ರಯಾಣ ಮುಗಿಸಿ ಬಂದ ಮರುವಾರ ಮತ್ತೆ ಹೋಗಿ ಅದೇ ಕಂಬಿ ಹಿಡಿದೆ. ತಾಯಂದಿರು ಅಲ್ಲೇ ಇದ್ದರು. ಅವರಲ್ಲಿ ಹೆಚ್ಚಿನವರು ತಮ್ಮ ಫೋನು ನೋಡುತ್ತಿದ್ದರು ಎಂಬುದು ಆಗ ಗಮನಕ್ಕೆ ಬಂತು. ಕೈಬಿಟ್ಟು ತೇಲುವುದಕ್ಕೆ ಮೂರು ವಾರ ಬೇಕಾಯಿತು. ಈಗ ಕೊಳದ ಈ ತುದಿಯಿಂದ ಆ ತುದಿಗೆ ನಿಲ್ಲದೆ ಹೋಗುತ್ತೇನೆ, ಆದರೆ ಉಸಿರಿಗಾಗಿ ತಲೆ ತಿರುಗಿಸಲು ಎಡಗಡೆಗೆ ಮಾತ್ರ ಬರುತ್ತದೆ, ಬಲಗಡೆಗೆ ತಿರುಗಿದರೆ ಇಂದಿಗೂ ನೀರು ಕುಡಿಯುತ್ತೇನೆ.