1847ರ ಐದು ಡಾಲರ್ ನಾಣ್ಯದ ಮಾಸಿದ ಹದ್ದು: ಪ್ರತಿಕ್ರಿಯೆ

ನೀವು ಕೊಳ್ಳಬೇಕೆಂದಿರುವ, 'ಡಿ' ಅಕ್ಷರವುಳ್ಳ 1847ರ ಅಮೆರಿಕದ ಐದು ಡಾಲರ್ ಚಿನ್ನದ ನಾಣ್ಯದಲ್ಲಿ ಹದ್ದು ಏಕೆ ಮಾಸಿದೆ ಎಂದು ಕೇಳಿದ್ದೀರಿ. ಅದರ ಕುತ್ತಿಗೆಯ ಗರಿಗಳು ಮಾಸಿರುವುದಕ್ಕೆ ಸವೆತಕ್ಕಿಂತ ದುರ್ಬಲವಾದ ಅಚ್ಚೊತ್ತುವಿಕೆಯೇ ಕಾರಣವಿರಬಹುದು. 1838ರಿಂದ 1861ರವರೆಗೆ ಮಾತ್ರ ನಡೆದ ಜಾರ್ಜಿಯಾದ ಡಲಾನೆಗ ಟಂಕಸಾಲೆಯ ನಾಣ್ಯಗಳಲ್ಲಿ ಈ ಕೊರತೆ ಸಾಮಾನ್ಯ. ಮಸುಕಾದ ಜಾಗದ ಹೊಳಪು ಸುತ್ತಲಿನ ಚಿತ್ರವಿಲ್ಲದ ಸಮತಟ್ಟು ಜಾಗದ ಹೊಳಪಿನಂತೆಯೇ ಇದ್ದರೆ ಅದು ಅಚ್ಚೊತ್ತುವಿಕೆಯ ದೋಷ, ಉಬ್ಬಿದ ಭಾಗಗಳ ಬಣ್ಣವಷ್ಟೇ ಬದಲಾಗಿದ್ದರೆ ಸವೆತ.

ನನಗೆ ಹೆಚ್ಚು ಆತಂಕವಿರುವುದು ಟಂಕಸಾಲೆಯನ್ನು ಸೂಚಿಸುವ 'ಡಿ' ಅಕ್ಷರದ ಬಗ್ಗೆ. ಇದೇ ಅಕ್ಷರವನ್ನು ಬಳಸುವ ಡೆನ್ವರ್ ಟಂಕಸಾಲೆ ನಾಣ್ಯ ಹೊಡೆಯತೊಡಗಿದ್ದು 1906ರಲ್ಲಾದ್ದರಿಂದ ನಿಮ್ಮ 'ಡಿ' ಡಲಾನೆಗದ್ದೇ ಆಗಬೇಕು. ಆದರೆ ಅದೇ ವರ್ಷದ, ಅಕ್ಷರವಿಲ್ಲದ ಫಿಲಡೆಲ್ಫಿಯಾ ಟಂಕಸಾಲೆಯ ನಾಣ್ಯ ಅಗ್ಗವಾಗಿ ಸಿಗುವುದರಿಂದ, ಅದಕ್ಕೆ ಅಕ್ಷರವನ್ನು ಅಂಟಿಸಿ ಮಾರುವ ಮೋಸವೂ ಉಂಟು. ಮೊದಲು ತೂಕ ಮತ್ತು ವ್ಯಾಸವನ್ನು ಅಳೆಯಿರಿ: ಸುಮಾರು 8.36 ಗ್ರಾಂ, 21.6 ಮಿಲಿಮೀಟರ್ ಇರಬೇಕು. ಅಳತೆ ಸರಿಯಿದ್ದರೂ ಅಂಟಿಸಿದ ಅಕ್ಷರ ಬಯಲಾಗದು, ಏಕೆಂದರೆ ಮೂಲ ನಾಣ್ಯ ಅಸಲಿಯೇ ಆಗಿರುತ್ತದೆ. ಆದ್ದರಿಂದ ಹದ್ದಿನ ಕೆಳಗಿನ ಅಕ್ಷರದ ಬುಡವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ, ಬೆಳಕನ್ನು ಓರೆಯಾಗಿ ಬೀಳಿಸಿ ನೋಡಿರಿ. ಅಸಲಿ ಅಕ್ಷರ ಲೋಹದಿಂದಲೇ ಮೇಲೆದ್ದಂತಿರುತ್ತದೆ, ಅಂಟಿಸಿದ್ದರ ಸುತ್ತ ಸಣ್ಣ ಬಿರುಕು ಅಥವಾ ಉಜ್ಜಿದ ಗೆರೆಗಳು ಕಾಣಬಹುದು.

ಚಿತ್ರವಿಲ್ಲದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ಏನೇ ಆದರೂ ನಾಣ್ಯವನ್ನು ತಿಕ್ಕಿ ತೊಳೆಯಬೇಡಿ, ಹಣ ಕೊಡುವ ಮುನ್ನ ನಾಣ್ಯಗಳನ್ನು ಪರೀಕ್ಷಿಸುವ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿಯ ಪ್ರಮಾಣೀಕರಣವನ್ನು ಷರತ್ತಾಗಿ ಕೇಳಿರಿ.